ವರದೆಯ ಮೂರನೆಯ ಗೆರೆ

ಹಜರತಅಲಿಯವರು ನಡೆಯುವಾಗ ಬಲಭುಜ ಎಡಭುಜಕ್ಕಿಂತ ನಾಲ್ಕು ಬೆರಳು ಕೆಳಗಿರುತ್ತಿತ್ತು. ಸವಣೂರಿನ ಪೇಟೆಯಲ್ಲಿ ಎಷ್ಟೇ ಗದ್ದಲವಿರಲಿ, ಬಣ್ಣಗೆಟ್ಟ ಕರಿಕೋಟು ತೊಟ್ಟು ಒಂದೇ ಕಡೆಗೆ ವಾಲಿಕೊಂಡು ಬರುವ ಆ ಆಕೃತಿಯನ್ನು ದೂರದಿಂದಲೇ ಗುರುತಿಸಬಹುದಿತ್ತು. ಹುಟ್ಟಿನಿಂದ ಬಂದ ಊನವೆಂದು ಅರಿಯದವರು ಹೇಳುತ್ತಿದ್ದರು.

ವೃತ್ತಿಯಿಂದ ಅವರು ಕಲ್ಲುಕುಟಿಗರು. ವರದಾ ಹೊಳೆಯ ನೀರಿಗಾಗಿ ಮೇಲಿನೂರು, ಕೆಳಗಿನೂರಿನವರು ತಲೆ ಒಡೆದುಕೊಂಡ ವರ್ಷ ಹಿರಿಯರು ಕೂಡಿ ಒಂದು ಕರಾರು ಮಾಡಿದರು: ಸೇತುವೆಯ ಕಂಬದ ಮೇಲೆ ಮೂರು ಗೆರೆ ಕೊರೆಯಬೇಕು, ನೀರು ಮೂರನೆಯ ಗೆರೆಗಿಂತ ಇಳಿದರೆ ಮೇಲಿನೂರಿನ ಪಂಪುಗಳೆಲ್ಲ ನಿಲ್ಲಬೇಕು, ಉಳಿದದ್ದು ಕೆಳಗಿನೂರಿನ ಜನ, ದನ ಕುಡಿಯುವುದಕ್ಕೆ. ಕೊಡದಲ್ಲಿ ಹೊತ್ತೊಯ್ಯುವುದಕ್ಕೆ ಮಾತ್ರ ಯಾರಿಗೂ ಅಡ್ಡಿಯಿಲ್ಲ. ಗೆರೆ ಕೊರೆದ ಹಜರತಅಲಿಯವರೇ ನೋಡಿ ಹೇಳಬೇಕೆಂದು ಎರಡೂ ಊರು ಒಪ್ಪಿದವು. ಅಂದಿನಿಂದ ದಿನವೂ ಬೆಳಿಗ್ಗೆ ಕೋಟು ಕಳಚದೆಯೇ ಹೊಳೆಗಿಳಿದು, ಗೆರೆಯನ್ನು ಬೆರಳಿನಿಂದ ಮುಟ್ಟಿ, ಆಮೇಲಷ್ಟೇ ಬಾಯಿ ಬಿಡುತ್ತಿದ್ದರು.

"ಕಣ್ಣು ತನಗ ಬೇಕಾದ್ದು ನೋಡ್ತೈತ್ರಿ, ಮಾಸ್ತರ. ಬೆರಳಿಗೆ ಆ ಚಟ ಇಲ್ಲ" ಎಂದು ಕೆಳಗಿನೂರಿನ ಶಾಲೆಯಲ್ಲಿದ್ದ ನನಗೆ ಒಮ್ಮೆ ಹೇಳಿದ್ದರು.

ಎಂಬತ್ಮೂರನೆಯ ಇಸವಿಯ ಬೇಸಿಗೆಯಲ್ಲಿ ಆ ಬೆರಳಿಗೆ ಪರೀಕ್ಷೆ ಬಂತು. ಮಗಳು ಹಾಜರಾಬಿಯನ್ನು ಕೊಟ್ಟದ್ದು ಮೇಲಿನೂರಿಗೇ. ಹತ್ತು ಗುಂಟೆ ಎಲೆಬಳ್ಳಿಯ ತೋಟವೊಂದೇ ಅವಳ ಸಂಸಾರಕ್ಕೆ ಆಧಾರ. ಅಂದು ಅವಳು ದಂಡೆಗೇ ಬಂದು ನಿಂತಿದ್ದಳು.

"ಅಪ್ಪಾ, ಇನ್ನ ಎಂಟು ದಿವಸ ಗೆರಿ ಮುಳುಗೇತಿ ಅನ್ನು. ಬಳ್ಳಿ ಒಣಗಿದ್ರ ನಾವು ಬದುಕೂದು ಹ್ಯಾಂಗ?"

ಅವರು ಹೊಳೆಗಿಳಿದರು, ಮುಟ್ಟಿದರು, ಮರಳಿ ಬಂದು ಕೋಟಿನ ಅಂಚನ್ನು ಬಹಳ ಹೊತ್ತು ಹಿಂಡಿದರು. ಒಂದು ಸುಳ್ಳು ಹೇಳಿಬಿಡಲಿ ಎಂದು, ಕೆಳಗಿನೂರಿನ ನೀರು ಕುಡಿಯುವ ನನಗೂ ಆ ಕ್ಷಣ ಅನ್ನಿಸಿತು.

"ನೀರು ಮೂರನೇ ಗೆರಿ ಬಿಟ್ಟೈತ್ರಿ. ಪಂಪು ಬಂದ್ ಮಾಡ್ರಿ."

ಹಾಜರಾಬಿ ತಿರುಗಿ ತೋಟದ ಕಡೆ ನಡೆದಳು. ಮೇಲಿನೂರಿನ ಮುಖಂಡ ಕುಬೇರಪ್ಪ, ಮಾತುಮಾತಿಗೆ ಕಾಲು ಕೆದರಿ ಜಗಳಕ್ಕೆ ನಿಲ್ಲುವ ಮನುಷ್ಯ, ಗೊಣಗುತ್ತಲೇ ಮೊದಲು ತನ್ನ ಪಂಪು ನಿಲ್ಲಿಸಿದ. "ಮಗಳ ಮಾತೂ ಕೇಳಲಿಲ್ಲಂದ್ರ ನಾ ಏನ್ ಹೇಳ್ಲಿ?"

ಮರುದಿನ ನಾನು ಕಂಡದ್ದು ಜಾಲಿಯ ಟೊಂಗೆಗೆ ತೂಗುಹಾಕಿದ ಕರಿಕೋಟು. ಅರುವತ್ತು ದಾಟಿದ ಹಜರತಅಲಿಯವರು ಬಲಹೆಗಲ ಮೇಲೆ ಕೊಡ ಹೊತ್ತು ಮಗಳ ತೋಟದ ಏರಿ ಹತ್ತುತ್ತಿದ್ದರು. ಮೂರು ದಿನ ಅವಳು ತಂದೆಯ ಮುಖ ನೋಡಲಿಲ್ಲ. ನಾಲ್ಕನೆಯ ದಿನ ತಾನೂ ಒಂದು ಕೊಡ ಎತ್ತಿಕೊಂಡಳು. ಮಳೆ ಬೀಳುವವರೆಗೂ ಹೊತ್ತರು. ಅರ್ಧ ಬಳ್ಳಿ ಉಳಿಯಿತು. ಆ ಭುಜ ಮಾತ್ರ ಮತ್ತೆ ಮೇಲೇಳಲಿಲ್ಲ.

ನ್ಯಾಯ ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. ಹೇಳಿದ ನ್ಯಾಯ ತನ್ನವರ ಮೇಲೆಯೇ ಬಿದ್ದಾಗ, ಅದನ್ನು ಹಿಂದಕ್ಕೆ ತೆಗೆದುಕೊಳ್ಳದೆ, ಅದರ ಭಾರಕ್ಕೆ ಹೆಗಲು ಕೊಡುವವರು ಅಪರೂಪ. ಅಂಥವರು ನೆಟ್ಟಗೆ ನಡೆಯುವುದಿಲ್ಲ.