ಏಳೂವರೆ ಗ್ಲಾಸು ಮಳೆ

ಬೆಳಿಗ್ಗೆ ಎಂಟೂವರೆಗೆ ಯಂಕೋಬ ತಾಲ್ಲೂಕು ಕಚೇರಿಯ ಹಿತ್ತಲಿನಲ್ಲಿ ಮಳೆ ಅಳೆಯುವ ಡಬ್ಬಿಯ ಬೀಗ ತೆಗೆದಾಗ ಒಳಗಿನ ಬಾಟಲಿ ತುಂಬಿ ಹೊರಗಿನ ಡಬ್ಬಿಗೂ ನೀರು ಇಳಿದಿತ್ತು. ತುಫಾನು ನೆಲ್ಲೂರಿನ ಕಡೆ ದಡ ಹತ್ತಿದೆ ಎಂದು ರೇಡಿಯೊ ಎರಡು ದಿನದಿಂದ ಹೇಳುತ್ತಿತ್ತು. ಗಂಗಾವತಿಯಲ್ಲಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಸಮುದ್ರ ನೋಡಿದವರೇ ಊರಲ್ಲಿ ಕಡಿಮೆ.

ಅಳತೆಯ ಗ್ಲಾಸು ಇಪ್ಪತ್ತು ಮಿಲಿಮೀಟರಿನದು. ಒಂದು ಗ್ಲಾಸು ಅಳೆದು ಚೆಲ್ಲಿದರೆ ಪಕ್ಕದ ಶೆಡ್ಡಿನ ಒಳಗೋಡೆಗೆ ಇದ್ದಲಿನಿಂದ ಒಂದು ಗೆರೆ. ದೊಡ್ಡ ಮಳೆಯಲ್ಲಿ ಎಣಿಕೆ ತಪ್ಪುತ್ತದೆ ಎಂದು ಕೆಲಸಕ್ಕೆ ಸೇರಿದ ವರ್ಷ ಮಾಡಿಕೊಂಡ ಅಭ್ಯಾಸ. ಗೆರೆಗಳ ಕೆಳಗೆ ತಾರೀಖು. ಇವತ್ತು ಏಳು ಗೆರೆ ಬಿದ್ದವು, ಎಂಟನೆಯದು ಅರ್ಧ. ನೂರಾ ಐವತ್ತು.

ಅದನ್ನು ರಿಜಿಸ್ಟರಿಗೆ ಏರಿಸದೆ ಹೊರಟ. ಅದಕ್ಕೆ ಸಂತೆಯ ದಿನ ಬರಬೇಕಿತ್ತು.

ಕಚೇರಿಯ ಮುಂದೆ ಮೊಳಕಾಲುದ್ದ ನೀರು. ರೈಸ್ ಮಿಲ್ಲುಗಳ ಓಣಿಯಲ್ಲಿ ಅದು ಹಳ್ಳವಾಗಿತ್ತು. ಹದಿನೈದು ವರ್ಷದ ಹಿಂದೆ ಅಲ್ಲಿ ಎರಡು ಮಿಲ್ಲು, ಈಗ ಹತ್ತೊಂಬತ್ತು. ಕುದಿಸಿದ ಭತ್ತ ಒಣಗಿಸಲು ಮಿಲ್ಲಿಗೊಂದು ಸಿಮೆಂಟಿನ ಕಣ. ಬಿದ್ದ ನೀರು ನೆಲಕ್ಕೆ ಇಳಿಯುವುದಿಲ್ಲ. ಎಲ್ಲವೂ ಇಳಿಜಾರಿಗೆ ಹರಿದು, ರಸ್ತೆಯಡಿಯ ಒಂದೇ ಪೈಪಿನ ಬಾಯಿಗೆ ಬಂದು, ಪೈಪು ನುಂಗಲಾರದೆ, ಕೂಲಿಯವರ ಗುಡಿಸಲುಗಳಿಗೆ ನುಗ್ಗಿತ್ತು.

ಅಕ್ಕ ಕರಿಯವ್ವ ತಾನು ದುಡಿಯುವ ಮಿಲ್ಲಿನ ಕಣದ ಮೇಲೆ ಗೋಣಿಚೀಲ ಹೊದ್ದು ನಿಂತಿದ್ದಳು. ಕೈಯಲ್ಲಿ ಒಂದು ಪಾತ್ರೆ ಮಾತ್ರ ಇತ್ತು.

"ಗುಡಿಸಲ?" ಎಂದ ಯಂಕೋಬ.

"ಎಲ್ಲೈತಿ ಗುಡಿಸಲ? ಹನ್ನೊಂದು ಹೋದವು. ಮುದಕಮ್ಮನ ಮ್ಯಾಲೆ ಗ್ವಾಡಿ ಬಿತ್ತು. ಬಂಡ್ಯಾಗ ಹಾಕ್ಕೊಂಡು ದವಾಖಾನಿಗೆ ಹೋಗ್ಯಾರ."

"ನಿನಗ?"

"ನಿಂತೀನಲ್ಲ. ನೀ ಮಳಿ ಅಳದು ಬಂದ್ಯೇನು? ಅಳಕೋಂತ ಇರು, ನಾವು ತೇಲಕೋಂತ ಇರತೀವಿ."

ಅವನು ಪೈಪಿನ ಬಾಯಿಯ ಕಡೆ ನೋಡಿದ. ನೀರು ಅಲ್ಲಿ ಗಿರಗಿರ ತಿರುಗುತ್ತಿತ್ತು.

ಮಳೆ ನಿಂತ ಮರುದಿನವೇ ಓವರಸೀಯರ್ ಬಂದ. ಹೊಸಬ, ಬೂಟು ಕೈಯಲ್ಲಿ ಹಿಡಿದುಕೊಂಡಿದ್ದ. ಹೆಡ್‌ಕ್ಲಾರ್ಕ್ ದೇವೇಂದ್ರಪ್ಪನ ಮೇಜಿನ ಮುಂದೆ ನಿಂತೇ ಮಾತಾಡಿದ. "ಪೈಪು ಕುಸದೈತ್ರಿ, ಹೊಸದು ಹಾಕಬೇಕು. ಐದು ವರ್ಷದ ದೊಡ್ಡ ಮಳಿ ಎಲ್ಲಾ ತಗದಿಡ್ರಿ."

"ಈ ಸಲದ್ದು ಭಾಳ ಜೋರ ಬಂತು ನೋಡ್ರಿ," ಎಂದ ದೇವೇಂದ್ರಪ್ಪ.

"ಒಂದ ಮಳಿ ನೋಡಿ ಪೈಪು ಹಾಕಾಂಗಿಲ್ರಿ. ಈ ಪೈಪು ಹಾಕಿದ್ದೂ ನಿಮ್ಮ ರಿಜಿಸ್ಟರ್ ನೋಡೇ. ಅದರಾಗ ದಿನಕ್ಕ ನೂರು ದಾಟಿದ್ದ ಇಲ್ಲ. ಗುರುವಾರ ಬರ್ತೀನಿ."

ಯಂಕೋಬ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಓವರಸೀಯರ್ ಹೋದ ಮೇಲೆ ದೇವೇಂದ್ರಪ್ಪ ಅವನನ್ನು ಕರೆದ. "ಶುಕ್ರವಾರ ಖಾಯಂ ಮಾಡೋ ಪಟ್ಟಿ ರಾಯಚೂರಿಗೆ ಹೋಗತೈತಿ. ನಿನ್ನ ಹೆಸರು ಮೂರನೇದು. ಐದು ವರ್ಷ ದಿನಗೂಲಿ ಮಾಡಿದಿ, ಇನ್ನು ನಾಕು ದಿನ ಸುಮ್ಮನಿರು."

ಬುಧವಾರ ಸಂತೆ. ಖಾಜಾಸಾಬನ ಚಹಾದ ಹೋಟೆಲಿನಲ್ಲಿ ಕೊಟ್ರಪ್ಪ ಆಗಲೇ ಕಾಯುತ್ತಿದ್ದ. ಸಿದ್ದಾಪುರದ ದಾರಿಯಲ್ಲಿ ಊರಿಂದ ಐದು ಮೈಲಿಗಿರುವ ಬೀಜದ ಫಾರ್ಮಿನಲ್ಲಿ ಮಳೆ ಅಳೆಯುವವ ಅವನು. ಹಿಂದೊಮ್ಮೆ ಮೇಲಿನಿಂದ ಕಾಗದ ಬಂದಿತ್ತು: ಐದು ಮೈಲಿಯಲ್ಲಿ ಇಷ್ಟು ಫರಕು ಏಕೆ, ತಪ್ಪು ಅಳೆದವರು ಯಾರು, ವಿವರಣೆ ಕೊಡಿ. ವಿವರಣೆ ಕೊಡಲು ಯಾರಿಗೂ ಬರಲಿಲ್ಲ. ಅಂದಿನಿಂದ ಎರಡೂ ಕಡೆಯವರು ಸಂತೆಯ ದಿನ ಇಲ್ಲಿ ಕೂತು ಮಳೆಯನ್ನು ತಾಳೆ ಮಾಡುತ್ತಿದ್ದರು. ಊರಿನದು ಇಳಿಸುವುದು, ಫಾರ್ಮಿನದು ಏರಿಸುವುದು. ಸಾಮಾನ್ಯ ಮಳೆಗೆ ಒಂದೆರಡು ಮಿಲಿಮೀಟರು ಸಾಕಾಗುತ್ತಿತ್ತು. ತುಫಾನಿನ ಮಳೆಗೆ ಮಾತ್ರ ದೊಡ್ಡ ಸುಳ್ಳೇ ಬೇಕಾಗುತ್ತಿತ್ತು. ಯಂಕೋಬನಿಗೆ ಕೊಟ್ರಪ್ಪ ಮೊದಲು ಕಲಿಸಿದ ಕೆಲಸ ಇದೇ.

"ನಂದು ಎಂಬತ್ತೆಂಟು," ಎಂದ ಕೊಟ್ರಪ್ಪ. "ನಿಂದು?"

"ನೂರಾ ಐವತ್ತು."

"ಅಯ್ಯ ನಿನ! ಡಬ್ಬ್ಯಾಗ ಕೊಡ ಸುರುವಿದ್ಯೇನು? ತೊಂಬತ್ತೆಂಟು ಬರಿ. ನಾ ತೊಂಬತ್ನಾಕು ಮಾಡತೀನಿ. ನೂರು ದಾಟಿದ್ರ ಮ್ಯಾಲಿನವರು ಕಣ್ಣು ಬಿಡತಾರ."

"ಕಾಕಾ, ಇದು ಅಳತಿ ತಪ್ಪಲ್ಲ. ಊರ ಮ್ಯಾಲೆ ಖರೇನ ಜಾಸ್ತಿ ಬೀಳತೈತಿ. ಪ್ರತಿ ತುಫಾನಿಗೂ ನೋಡೀನಿ. ಮೋಡ ನಿಮ್ಮ ಫಾರ್ಮು ಹಾಯ್ದು ಬರತೈತಿ, ಇಲ್ಲಿ ಬಂದು ನಿಂದರತೈತಿ."

"ಯಾಕ, ಊರಾಗ ಅದರ ಬೀಗರು ಅದಾರೇನು?"

"ಹತ್ತೊಂಬತ್ತು ಚಿಮಣಿ, ತಗಡು, ಸಿಮೆಂಟು. ಆ ಬಿಸಿಗೆ ಇರಬೇಕು."

ಖಾಜಾಸಾಬ ಚಹಾ ಸೋಸುತ್ತಲೇ ಬಾಯಿ ಹಾಕಿದ. "ಬಯಲಾಗ ಓಡಿ ಬಂದ ಬಂಡಿ ಬಜಾರಕ್ಕ ಬಂದ್ರ ನಿಧಾನ ಆಗತೈತಲ್ರಿ. ಗಾಳೀದೂ ಹಂಗ ಇದ್ದೀತು. ಇಷ್ಟು ಕಟ್ಟಡದಾಗ ಎಲ್ಲಿ ನುಸೀಬೇಕು ಅದು?"

ಯಂಕೋಬ ಎದ್ದ, ಕೂತ, ಮತ್ತೆ ಎದ್ದ. "ನಮ್ಮ ತಾಳೆ ನೋಡಿ ಪೈಪು ಹಾಕ್ಯಾರ, ಕಾಕಾ. ಮುದಕಮ್ಮನ ಕಾಲು ಮುರದೈತಿ."

ಕೊಟ್ರಪ್ಪ ಕಪ್ಪಿನ ಚಹಾವನ್ನು ಬಸಿಗೆ ಸುರಿದುಕೊಂಡ. "ಜಾಸ್ತಿ ಬೀಳೂದು ನನಗ ಹತ್ತು ವರ್ಷದಿಂದ ಗೊತ್ತೈತಿ, ತಮ್ಮಾ. ಗೊತ್ತಿದ್ದು ಏನ್ ಮಾಡ್ಲಿ? ನನಗ ಎರಡು ವರ್ಷಕ್ಕ ಪಿಂಚಣಿ. ನಿನಗ ಶುಕ್ರವಾರ ಖಾಯಂ. ಚಾ ಆರತೈತಿ, ಕುಡಿ."

ಕಚೇರಿಗೆ ಹೋಗಿ ಯಂಕೋಬ ತೊಂಬತ್ತೆಂಟು ಎಂದು ಬರೆದ. ಶಾಯಿ ಒಣಗುವ ಮೊದಲೇ ಹೊರಬಿದ್ದ. ಬಸ್ ಸ್ಟ್ಯಾಂಡಿನವರೆಗೆ ನಡೆದ, ವಾಪಸು ಬಂದ, ಮತ್ತೆ ನಡೆದ. ಕೊನೆಗೆ ಮಿಲ್ಲಿನ ಕಣಕ್ಕೆ ಬಂದ. ಕರಿಯವ್ವ ನೆನೆದ ಭತ್ತವನ್ನು ಕಾಲಿನಿಂದ ಸಾಲು ಸಾಲು ಹರಡುತ್ತಿದ್ದಳು. ಅವಳ ಹಿಂದೆಯೇ ನಡೆಯುತ್ತ ಎಲ್ಲವನ್ನೂ ಹೇಳಿದ. ಅವಳು ಕಾಲು ನಿಲ್ಲಿಸಲಿಲ್ಲ.

"ಐದು ವರ್ಷ ಸುಳ್ಳು ಬರದಿ?"

"ಹೂಂ."

"ಮುದಕಮ್ಮಗ ಹೇಳಿ ಬಾ ಹೋಗು. ಇನ್ನ ಏಳಾಂಗಿಲ್ಲ ಅಂದಾರ."

ಸಾಲಿನ ತುದಿ ಬಂತು. ಅವಳು ತಿರುಗಿದಳು. "ಬರದದ್ದು ಬರದಿ. ಇನ್ನೊಂದು ಬರಿ. ಖಾಯಂ ಆಗು. ಒಂದು ಖೋಲಿ ಹಿಡಿಯೂಣು, ಈ ರಾಡಿ ಬಿಟ್ಟು ಹೋಗೂಣು."

"ಬರದು ಬಂದೀನಿ. ಉಳದ ಹತ್ತು ಗುಡಿಸಲ?"

"ಅವರನ್ನ ನೋಡಾಕ ಅವರ ತಮ್ಮಂದಿರದಾರ. ನನಗ ನೀ ಒಬ್ಬನ." ಹೇಳಿ ಮತ್ತೆ ಭತ್ತಕ್ಕೆ ಕಾಲು ಹಾಕಿದಳು. ಅರ್ಧ ಸಾಲಿಗೆ ನಿಂತಳು. "ಯಾಕ ಹೇಳಿದಿ ನನಗ? ಹೇಳಬಾರದಿತ್ತು," ಎಂದಳು.

ಗುರುವಾರ ಓವರಸೀಯರ್ ಕುರ್ಚಿಯಲ್ಲಿ ಕೂತು ಅಂಕಿಗಳನ್ನು ಬರೆದುಕೊಂಡ. ತೊಂಬತ್ತೊಂದು, ಎಂಬತ್ತೇಳು, ತೊಂಬತ್ತಾರು, ಈಗಿನ ತೊಂಬತ್ತೆಂಟು. "ಹಂಗಾರ ಅದೇ ಅಳತಿ ಪೈಪು ಸಾಕು. ಬಾಯಿಗೆ ಕಸ ಸಿಕ್ಕೊಂಡಿರಬೇಕು," ಎಂದು ಪೆನ್ನಿನ ಮುಚ್ಚಳ ಹಾಕಿದ.

ದೇವೇಂದ್ರಪ್ಪ ಚಹಾ ತರಲು ಯಂಕೋಬನಿಗೆ ಸನ್ನೆ ಮಾಡಿದ. ಯಂಕೋಬ ಹೋಗಲಿಲ್ಲ.

"ಸಾಹೇಬ್ರ, ಹಿತ್ತಲದಾಗ ಒಂದು ಗ್ವಾಡಿ ಐತಿ. ನೋಡಿ ಹೋಗ್ರಿ."

"ಎಂಥಾ ಗ್ವಾಡಿ?" ಎಂದ ದೇವೇಂದ್ರಪ್ಪ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಆ ಶೆಡ್ಡಿಗೆ ಅವನು ಎಂದೂ ಕಾಲಿಟ್ಟವನಲ್ಲ.

ಓವರಸೀಯರ್ ಬಗ್ಗಿ ಒಳಗೆ ಹೋದ. ಸೊಂಟದೆತ್ತರದಿಂದ ತಲೆಯೆತ್ತರದವರೆಗೆ ಇದ್ದಲಿನ ಗೆರೆಗಳಿದ್ದವು. ಬೆರಳಿಟ್ಟು ಎಣಿಸಿದ.

"ಒಂದು ಗೆರಿ ಅಂದ್ರ?"

"ಒಂದು ಗ್ಲಾಸು. ಇಪ್ಪತ್ತು."

"ಇಲ್ಲಿ ಆರು ಅದಾವು. ಇಲ್ಲೂ ಆರು. ಇದು ಏಳೂವರಿ." ಕೈಯಲ್ಲಿದ್ದ ಹಾಳೆಯನ್ನು ನೋಡಿದ. "ತಾರೀಖು ಅವೇ. ರಿಜಿಸ್ಟರದಾಗ ಬ್ಯಾರೆ ಐತಲ್ಲ?"

"ಅದು ನಾ ಬರದದ್ರಿ. ಇದು ನಾ ಅಳದದ್ದು."

ಓವರಸೀಯರ್ ದೇವೇಂದ್ರಪ್ಪನನ್ನು ನೋಡಿದ. ದೇವೇಂದ್ರಪ್ಪ ಗೋಡೆಯನ್ನು ನೋಡುತ್ತಿದ್ದ. ಪ್ರತಿ ತಿಂಗಳೂ ರಿಜಿಸ್ಟರಿಗೆ ಸಹಿ ಹಾಕಿದವನು ಅವನೇ.

ಯಾರೂ ಕೂಗಾಡಲಿಲ್ಲ. ಓವರಸೀಯರನಿಗೂ ತಂಟೆ ಬೇಕಿರಲಿಲ್ಲ. ಗೆರೆಗಳನ್ನು ಲೆಕ್ಕಕ್ಕೆ ಹಿಡಿದ, ವರದಿಯಲ್ಲಿ 'ಸ್ಥಳೀಯ ವಿಚಾರಣೆಯಂತೆ' ಎಂದಷ್ಟೇ ಬರೆದ. ಶುಕ್ರವಾರ ಪಟ್ಟಿ ಹೋಯಿತು, ಮೂರನೆಯ ಹೆಸರು ಬೇರೆಯವನದಾಗಿತ್ತು. "ಗ್ವಾಡಿ ಮ್ಯಾಲೆ ಛಲೋ ಬರಿತಿ," ಎಂದ ದೇವೇಂದ್ರಪ್ಪ. "ಹೊರಗ ಭಾಳ ಗ್ವಾಡಿ ಅದಾವು. ನಾಳಿಂದ ಬರಬ್ಯಾಡ." ಶನಿವಾರ ಶೆಡ್ಡಿಗೆ ಸುಣ್ಣ ಹೊಡೆಸಿದರು.

ಕರಿಯವ್ವ ಎರಡು ತಿಂಗಳು ಅವನೊಡನೆ ಮಾತಾಡಲಿಲ್ಲ. ಆಮೇಲೆ ಮಿಲ್ಲಿನ ಮೇಸ್ತ್ರಿಗೆ ಹೇಳಿ ಅವನನ್ನು ಕಣಕ್ಕೆ ಹಾಕಿಸಿದಳು. ಚೀಲ ಹೊರಲು ಹೆಗಲು ಸಾಲದು ಎಂದು ಭತ್ತ ಹರಡಲು ಬಿಟ್ಟರು. ಮೋಡ ಕಟ್ಟಿದರೆ ಬೇರೆಯವರು ತಾಡಪತ್ರಿ ಹುಡುಕುತ್ತಿದ್ದರು, ಅವನು ಎಂಟೂವರೆಗೆ ಇನ್ನೆಷ್ಟು ಹೊತ್ತು ಎಂದು ಕೇಳುತ್ತಿದ್ದ.

ಮುಂದಿನ ವರ್ಷ ದೀಪಾವಳಿಯ ಬೆನ್ನಲ್ಲೇ ಮತ್ತೊಂದು ತುಫಾನು ಬಂತು. ಇಡೀ ದಿನ, ಇಡೀ ರಾತ್ರಿ ಸುರಿಯಿತು. ಬೆಳಿಗ್ಗೆ ಕಣದ ಅಂಚಿನಲ್ಲಿ ನಿಂತು ಯಂಕೋಬ ಓಣಿಯನ್ನು ನೋಡಿದ. ಹೊಸದಾಗಿ ಹಾಕಿದ ಎರಡು ದೊಡ್ಡ ಪೈಪುಗಳು ಬಾಯಿತುಂಬ ನೀರು ಕುಡಿಯುತ್ತಿದ್ದವು. ನೀರು ಮತ್ತೆ ಕಟ್ಟಿದ ಗುಡಿಸಲುಗಳ ಹೊಸ್ತಿಲಿಗೆ ಒಂದು ಗೇಣು ಕೆಳಗೆ ನಿಂತು, ಅಲ್ಲೇ ಅಲುಗುತ್ತಿತ್ತು. ಮುದಕಮ್ಮ ಹೊರಸಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು.

ಕಚೇರಿಯಲ್ಲಿ ಈಗ ಮಳೆ ಅಳೆಯುತ್ತಿದ್ದವ ಹನುಮಣ್ಣ. ಕೊಡೆ ಹಿಡಿದು, ಪ್ಯಾಂಟು ಎತ್ತಿಕೊಂಡು ಓಣಿಯಲ್ಲಿ ಬರುತ್ತಿದ್ದ. ಯಂಕೋಬ ಕಣದ ಮೇಲಿಂದಲೇ ಕೂಗಿದ.

"ಹನುಮಣ್ಣಾ, ಎಷ್ಟು ಬಂತೋ?"

"ಗೊತ್ತಿಲ್ಲೋ," ಎಂದ ಹನುಮಣ್ಣ. "ಕೊಟ್ರಪ್ಪ ಕಾಕಾನ ಇನ್ನೂ ಕೇಳಿಲ್ಲ."