ಬೆಡ್‌ಶೀಟ್ ಹರಿದ ಸುದ್ದಿ

ಅವಳ ಬ್ಲಾಗಿಗೆ ನಲವತ್ತೊಂದು ಮಂದಿ ಓದುಗರಿದ್ದರು. ಅವರಲ್ಲಿ ಮಗಳು, ಅಳಿಯ, ಒಬ್ಬ ತಂಗಿ, ತಂಗಿಯ ಇಬ್ಬರು ಓರಗಿತ್ತಿಯರನ್ನು ಬಿಟ್ಟರೆ ಉಳಿದವರೆಲ್ಲ ಮುಖ ಕಂಡರಿಯದವರು. ಗಂಡ ಅವರನ್ನು "ನಿನ್ನ ಟಿಕೆಟ್ ಇಲ್ಲದ ಪ್ರಯಾಣಿಕರು" ಎನ್ನುತ್ತಿದ್ದ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು ಇನ್ನೇನು ಹೇಳಿಯಾನು?

ನಿವೃತ್ತಿಯಾದ ವರ್ಷವೇ ಮನೆ ಮಾರಿ ಅವನು ಈ ಹಳೆಯ ಹಾಯಿದೋಣಿ ಕೊಂಡಿದ್ದ. ಇಡೀ ಆಯಸ್ಸು ಒಂದೇ ರೂಟಿನಲ್ಲಿ ಹೋಗಿ ಬಂದವನಿಗೆ ರೂಟೇ ಇಲ್ಲದ ಕಡೆ ಹೋಗುವ ಆಸೆ. ನೆಂಟರಿಷ್ಟರು ತಲೆ ಕೆಟ್ಟಿದೆ ಎಂದರು. ಅವಳೂ ಹಾಗೆಯೇ ಅಂದುಕೊಂಡಳು, ಆದರೆ ಹೊಲಿಗೆ ಮಷೀನನ್ನು ಹೊತ್ತುಕೊಂಡು ಹಿಂದೆಯೇ ಹತ್ತಿದಳು. ದರ್ಜಿಯ ಕೈಗೆ ಎಲ್ಲಿ ಹೋದರೂ ಕೆಲಸ ಸಿಗುತ್ತದೆ. ಮೊದಲು ರವಿಕೆ, ಲಂಗ ಹೊಲಿಯುತ್ತಿದ್ದವಳು ಈಗ ಹರಿದ ಹಾಯಿ ಹೊಲಿಯುತ್ತಿದ್ದಳು. ಒಲೆಯ ಮುಂದೆ ನಿಂತು ಕೈ ಚಾಚಿದರೆ ಹಾಸಿಗೆ ಸಿಗುವಷ್ಟು ದೊಡ್ಡ ಮನೆ ಅದು.

ಮೊದಲ ವರ್ಷ ಅವಳು ಮಾತಾಡಲು ಜನವಿಲ್ಲದೆ ಒಲೆಯ ಜೊತೆ ಮಾತಾಡಿದಳು. ಗಂಡನಿದ್ದ, ನಿಜ. ಅವನ ಮಾತೆಂದರೆ "ಗಾಳಿ ತಿರುಗ್ತು", "ಹಗ್ಗ ಬಿಗಿ ಮಾಡು", ಅಷ್ಟೇ. ಅಮ್ಮ ಒಲೆಯನ್ನು ಬೈಯುವುದು ಫೋನಿನಲ್ಲಿ ಕೇಳಿಸಿದ ದಿನವೇ ಮಗಳು ಬ್ಲಾಗು ತೆರೆದುಕೊಟ್ಟಳು. "ಇಲ್ಲಿ ಬರಿಯಮ್ಮ, ಯಾರಾದ್ರೂ ಕೇಳಿಸ್ಕೊಳ್ತಾರೆ."

ಕೇಳಿಸಿಕೊಂಡರು. ಈರುಳ್ಳಿ ಕೊಳೆಯುತ್ತಿದೆ ಎಂದು ಬರೆದರೆ ಎಲ್ಲಿಂದಲೋ ಒಬ್ಬ ಅಜ್ಜಿ ಬಲೆಚೀಲದಲ್ಲಿ ತೂಗುಹಾಕಲು ಹೇಳಿದಳು. ಉಪ್ಪುನೀರಿಗೆ ಕಾಲ್ಬೆರಳ ಸಂದಿ ಹುಣ್ಣಾದಾಗ ಒಬ್ಬಳು ನರ್ಸು ಮುಲಾಮಿನ ಹೆಸರು ಹೇಳಿ ದಿನಕ್ಕೆರಡು ಸಲ ವಿಚಾರಿಸಿದಳು. ಗಂಡ ಆ ಮುಲಾಮನ್ನು ತನ್ನ ಕಾಲಿಗೂ ಹಚ್ಚಿಕೊಂಡ, ಬ್ಲಾಗಿಗೆ ಮಾತ್ರ ಮೂಗು ಮುರಿಯುವುದನ್ನು ಬಿಡಲಿಲ್ಲ.

ಆ ನಲವತ್ತೊಂದರಲ್ಲಿ ಒಬ್ಬರಿದ್ದರು. ಅವರ ಚಿತ್ರದ ಜಾಗದಲ್ಲಿ ಮುಚ್ಚಿದ ಲಿಫ್ಟಿನ ಬಾಗಿಲು. ಮೂರು ವರ್ಷದಿಂದ ಅವರು ಬರೆಯುತ್ತಿದ್ದದ್ದು ಒಂದೇ ಪದ: "ನೋಡಿದೆ." ಅದೂ ಎಲ್ಲದಕ್ಕೂ ಅಲ್ಲ. ಸೂರ್ಯಾಸ್ತದ ಚಂದದ ಫೋಟೊ ಹಾಕಿದರೆ ಮೌನ. ಅವಳ ಹುಟ್ಟುಹಬ್ಬಕ್ಕೆ ಮೌನ. ದೋಣಿಯ ಮೇಲೆ ಗಂಡ ಬನಿಯನ್ ಹಾಕಿಕೊಂಡು ಹಲ್ಲುಜ್ಜುವ ಫೋಟೊಗೆ ಮಾತ್ರ "ನೋಡಿದೆ." ಅವಳು ಅವರಿಗೆ ನೋಡಿದೆ ಮಾಮ ಎಂದು ಹೆಸರಿಟ್ಟಳು. ಒಳಗೊಳಗೇ ಸ್ವಲ್ಪ ಸಿಟ್ಟೂ ಇತ್ತು. ಇಷ್ಟುದ್ದ ಬರೆದದ್ದಕ್ಕೆ "ಓದಿದೆ" ಅಂದಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಈ ಸಲ ಗಂಡ ಹೆಂಡತಿ ಒಂದು ದೊಡ್ಡ ಬಂದರಿನಲ್ಲಿ ಗಾಳಿಗಾಗಿ ಕಾಯುತ್ತಿದ್ದರು. ಮಗಳು ಇದ್ದದ್ದು ಆಚೆ ದಡದಲ್ಲಿ. ಮೂರು ದಿನದ ದಾರಿ, ನಡುವೆ ನೀರು ಬಿಟ್ಟರೆ ಏನೂ ಇಲ್ಲ. ಮಗಳಿಗೆ ಚೊಚ್ಚಲ ಹೆರಿಗೆ, ಇನ್ನು ಹದಿನೈದು ದಿನ. ಗಾಳಿ ಅನುಕೂಲವಾಗುವುದು ಗುರುವಾರ ಎಂದು ಹವಾಮಾನದವರು ಹೇಳಿದ್ದರು. ಗುರುವಾರ ಬೆಳಿಗ್ಗೆ ಹತ್ತಕ್ಕೆ ಹೊರಡುವುದೆಂದು ಗಂಡ ತೀರ್ಮಾನಿಸಿದ್ದ. ಅವನ ಹತ್ತು ಎಂದರೆ ಹತ್ತು. ಸರ್ವಿಸಿನಲ್ಲಿ ಒಂದು ದಿನವೂ ಬಸ್ಸನ್ನು ತಡವಾಗಿ ಬಿಟ್ಟವನಲ್ಲ.

ಬುಧವಾರ ಅವಳು ಬಟ್ಟೆ ಒಗೆದಳು. ದೋಣಿಯ ನಡುವಿನ ಕಂಬವನ್ನು ಎರಡೂ ಪಕ್ಕದಿಂದ, ಎಳೆ ಎಳೆ ಹೊಸೆದ ಉಕ್ಕಿನ ತಂತಿಗಳು ಬಿಗಿಯಾಗಿ ಎಳೆದು ನಿಲ್ಲಿಸಿರುತ್ತವೆ. ಅವಳು ಬಟ್ಟೆ ಹರವುವುದು ಆ ತಂತಿಗಳಿಗೇ. ಒಣಗಿದ ಬೆಡ್‌ಶೀಟನ್ನು ಎಳೆದಾಗ ಪರ್ ಎಂದು ಹರಿಯಿತು. ವಾರದಲ್ಲಿ ಇದು ಮೂರನೇ ಸಲ. ಅವಳಿಗೆ ಪಿತ್ತ ನೆತ್ತಿಗೇರಿತು. ಹರಿದ ಮೂಲೆಯ ಫೋಟೊ ತೆಗೆದು ಬರೆದಳು: "ಈ ಎಡಗಡೆಯ ತಂತಿಗೂ ನನಗೂ ಯಾವ ಜನ್ಮದ ವೈರವೋ! ಮೂರು ಬೆಡ್‌ಶೀಟ್, ಮೂರೂ ಅಲ್ಲೇ ಸಿಕ್ಕಿಕೊಂಡು ಹರಿದವು. ನಾಳೆ ಹತ್ತಕ್ಕೆ ಹೊರಡುತ್ತೇವೆ. ಮಗಳ ಮನೆಗೆ ತೇಪೆ ಬೆಡ್‌ಶೀಟ್ ಹಿಡಿದುಕೊಂಡು ಹೋಗುವ ಹಣೆಬರಹ."

ಗಂಡ ಅವಳ ಭುಜದ ಮೇಲಿಂದ ಇಣುಕಿ ನೋಡಿದ. "ಬೆಡ್‌ಶೀಟ್ ಹರಿದಿದ್ದನ್ನೂ ಊರಿಗೆಲ್ಲ ಡಂಗುರ ಸಾರ್ಬೇಕಾ?"

"ನಿಮಗೆ ಹೇಳಿದ್ರೆ ಕೇಳಿಸ್ಕೋತೀರಾ? ಅದಕ್ಕೇ ಊರಿಗೆ ಹೇಳ್ತೀನಿ."

ಗುರುವಾರ ಎಂಟೂವರೆಗೆ, ಕಾಫಿ ಲೋಟ ತೊಳೆದಿಟ್ಟು ಫೋನು ನೋಡಿದಳು. ನೋಡಿದೆ ಮಾಮ ಬರೆದಿದ್ದರು. ಒಂದು ಪದವಲ್ಲ, ಒಂದು ಪುಟ.

"ಅಮ್ಮಾ, ದಯವಿಟ್ಟು ಈಗಲೇ ಹೊರಡಬೇಡಿ. ನಾನು ಮೂವತ್ತೆಂಟು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದವನು. ಲಿಫ್ಟಿನ ಉಕ್ಕಿನ ಹಗ್ಗದಲ್ಲಿ ಒಂದು ಎಳೆ ಮುರಿದಿದ್ದರೆ ಎಷ್ಟೋ ಸಲ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಹಳೇ ಬಟ್ಟೆ ಹಿಡಿದು ಹಗ್ಗದ ಮೇಲೆ ಸವರುತ್ತೇವೆ. ಬಟ್ಟೆ ಸಿಕ್ಕಿಕೊಂಡ ಕಡೆ ಎಳೆ ಮುರಿದಿರುತ್ತದೆ. ನಿಮ್ಮ ಬೆಡ್‌ಶೀಟ್ ಮೂರು ಸಲವೂ ಒಂದೇ ಕಡೆ ಸಿಕ್ಕಿಕೊಂಡಿದೆ. ಆ ತಂತಿಯ ಬುಡದಲ್ಲಿ ಬಿಳಿ ಟೇಪು ಸುತ್ತಿದ್ದೀರಿ. ಅದನ್ನು ಬಿಚ್ಚಿ ನೋಡಿ."

ಅವಳು ಗಂಡನಿಗೆ ಓದಿ ಹೇಳಿದಳು. ಗಂಡ ಹುಬ್ಬು ಗಂಟಿಕ್ಕಿದ.

"ಲಿಫ್ಟಿನವರಿಗೆ ಸಮುದ್ರ ಏನೇ ಗೊತ್ತು? ದಿನಾ ಬೆಳಿಗ್ಗೆ ಆ ತಂತಿ ಎಳೆದು ನೋಡೋನು ನಾನು. ಟೇಪು ಸುತ್ತಿದ್ದೂ ನಾನೇ, ನಿನ್ನ ಬಟ್ಟೆಗೆ ತುಕ್ಕು ಹತ್ತಬಾರದು ಅಂತ. ಈಗ ಅದನ್ನೆಲ್ಲ ಬಿಚ್ತಾ ಕೂತ್ರೆ ಗಾಳಿ ಕೈ ತಪ್ಪುತ್ತೆ."

ಅವಳು ವಾದ ಮಾಡಲಿಲ್ಲ. ಹಳೆಯ ಹತ್ತಿ ಲಂಗದ ಒಂದು ತುಂಡು ತಂದು ತಂತಿಯನ್ನು ಮುಷ್ಟಿಯಲ್ಲಿ ಹಿಡಿದು ಮೇಲಿಂದ ಕೆಳಗೆ ಸವರಿದಳು. ಬಟ್ಟೆ ನುಣ್ಣಗೆ ಜಾರುತ್ತಾ ಬಂತು. ಟೇಪಿನ ಅಂಚಿನಲ್ಲಿ ಮುಳ್ಳಿನ ಹಾಗೆ ಇಣುಕಿದ್ದ ಏನಕ್ಕೋ ಸಿಕ್ಕಿ ಗಕ್ಕನೆ ನಿಂತಿತು. ಎಳೆದಳು, ಬರಲಿಲ್ಲ.

"ರೀ," ಅಂದಳು, "ಬನ್ನಿ ಇಲ್ಲಿ."

ಅವನು ಚಾಕು ತಂದು ಟೇಪು ಸೀಳಿದ. ಒಳಗೆ ಕಂದು ಬಣ್ಣದ ನೀರು ನಿಂತಿತ್ತು. ತಂತಿಯ ಹತ್ತೊಂಬತ್ತು ಎಳೆಗಳಲ್ಲಿ ಏಳು ಕಡಿದುಹೋಗಿದ್ದವು. ಟೇಪಿನೊಳಗೆ ತೇವ ಕೂತು ಕೂತು ತಿಂದುಹಾಕಿತ್ತು. ನಡುನೀರಿನಲ್ಲಿ, ಹಾಯಿ ತುಂಬಿದ ಹೊತ್ತಿನಲ್ಲಿ ಆ ತಂತಿ ಕಿತ್ತುಹೋಗಿದ್ದರೆ ಕಂಬ ಉರುಳಿ ಬೀಳುತ್ತಿತ್ತು. ಬೀಳುವ ಜಾಗದಲ್ಲಿ, ಚುಕ್ಕಾಣಿಯ ಹತ್ತಿರ, ಸಾಮಾನ್ಯವಾಗಿ ಅವರಿಬ್ಬರಲ್ಲಿ ಒಬ್ಬರು ಕೂತಿರುತ್ತಾರೆ.

ಗಂಡ ಸೀಳಿದ ಟೇಪನ್ನು ಕೈಯಲ್ಲಿ ಹಿಡಿದುಕೊಂಡೇ ಡೆಕ್ಕಿನ ಮೇಲೆ ಕೂತ. ಬಂದರಿನ ಗಡಿಯಾರ ಹತ್ತು ಹೊಡೆಯಿತು. ಅವನು ಏಳಲಿಲ್ಲ. "ಅವರಿಗೆ ಬರಿ," ಅಂದ.

"ಏನಂತ ಬರೀಲಿ?"

"ಬದುಕಿದ್ವಿ ಅಂತ ಬರಿ. ಟೇಪು ಸುತ್ತಿ ತಂತಿ ಕೊಳೆಯೋ ಹಾಗೆ ಮಾಡಿದ್ದು ಗಂಡನೇ ಅಂತಾನೂ ಬರಿ. ಇನ್ಯಾರಾದ್ರೂ ಹೀಗೇ ಸುತ್ತಿರ್ಬಹುದು, ಬಿಚ್ಲಿ."

ಅವಳು ಬರೆದಳು. ಕಣ್ಣು ಮಂಜಾಗಿ ಎರಡು ಸಲ ತಪ್ಪು ಅಕ್ಷರ ಒತ್ತಿದಳು.

ಹೊಸ ತಂತಿ ಹಾಕಲು ಮೂರು ದಿನ ಹಿಡಿಯಿತು. ಬಂದರಿನ ಕಮ್ಮಾರನ ವಿಳಾಸ ಹೇಳಿದವರೂ ಬ್ಲಾಗಿನ ಒಬ್ಬರೇ. ಎರಡನೇ ದಿನ ಮಧ್ಯಾಹ್ನ ಗಂಡ ನೋಡಿದೆ ಮಾಮನ ನಂಬರು ಕೇಳಿ ತರಿಸಿಕೊಂಡು ತಾನೇ ಫೋನು ಮಾಡಿದ. ಅವಳು ಪಕ್ಕದಲ್ಲಿ ಕೂತು ಕೇಳಿಸಿಕೊಂಡಳು.

"ನಾನು ಸಮುದ್ರ ನೋಡಿಲ್ಲ ಸಾರ್," ಅಂದಿತು ಆಚೆಯ ಮುದಿ ದನಿ. "ಮಂಡಿ ಹೋಗಿದೆ. ಮೂರನೇ ಮಹಡಿ ಮನೆ. ನಗಬೇಡಿ, ನಮ್ಮ ಕಟ್ಟಡಕ್ಕೆ ಲಿಫ್ಟಿಲ್ಲ."

ಗಂಡ ನಗಲಿಲ್ಲ. "ಒಂದು ಮಾತು ಕೇಳ್ಬಹುದಾ? ಮೂರು ವರ್ಷದಿಂದ ಬರೀ 'ನೋಡಿದೆ' ಅಂತ ಬರೀತಿದ್ರಲ್ಲ, ಯಾಕೆ?"

"ನಮ್ಮ ಕೆಲಸದಲ್ಲಿ ಹಾಗೇ ಸಾರ್. ಹಗ್ಗ ಪರೀಕ್ಷೆ ಮಾಡಿ, ಮಷೀನ್ ರೂಮಿನ ಪುಸ್ತಕದಲ್ಲಿ 'ನೋಡಿದೆ' ಅಂತ ಬರೆದು ಸಹಿ ಹಾಕ್ಬೇಕು. ಆಮೇಲೇ ಜನ ಲಿಫ್ಟ್ ಹತ್ತೋದು. ರಿಟೈರ್ ಆದ್ಮೇಲೆ ನಂಗೆ ನೋಡೋಕೆ ಹಗ್ಗಾನೇ ಇರ್ಲಿಲ್ಲ. ನಿಮ್ಮ ಮನೆಯವ್ರ ಫೋಟೊದಲ್ಲಿ ತಂತಿ ಬಂದಾಗೆಲ್ಲ ದೊಡ್ಡದು ಮಾಡಿ ನೋಡ್ತಿದ್ದೆ. ನೋಡಿದ ದಿನ ಬರೀತಿದ್ದೆ. ಟೇಪಿನೊಳಗೆ ಮಾತ್ರ ಕಾಣ್ಲಿಲ್ಲ, ತಪ್ಪಾಯ್ತು."

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಸೂರ್ಯಾಸ್ತಕ್ಕೆ ಮೌನ, ಬನಿಯನ್ ಫೋಟೊಗೆ ಮಾತು. ಬನಿಯನ್ ಹಿಂದೆ ತಂತಿ ಇತ್ತು. ಮೂರು ವರ್ಷ ಒಬ್ಬರು ಮೂರನೇ ಮಹಡಿಯಲ್ಲಿ ಕೂತು ಅವಳ ಮನೆಯನ್ನು ಕಾಯುತ್ತಿದ್ದರು, ಅವಳು ಅವರನ್ನು ಜುಗ್ಗ ಎಂದುಕೊಂಡಿದ್ದಳು.

ಐದನೇ ದಿನ ಮತ್ತೆ ಗಾಳಿ ಬಂತು. ಹೆರಿಗೆಗೆ ಏಳು ದಿನ ಮೊದಲೇ ಮಗಳ ಮನೆ ತಲುಪಿದರು. ಹೆಣ್ಣು ಮಗು, ಅಜ್ಜನ ಮೂಗು. ಅವಳು ಫೋಟೊ ಹಾಕಿದಳು. ನರ್ಸು, ಈರುಳ್ಳಿ ಅಜ್ಜಿ, ಕಮ್ಮಾರನ ವಿಳಾಸ ಕೊಟ್ಟವರು, ಎಲ್ಲರೂ ಹರಸಿದರು. ಲಿಫ್ಟಿನ ಬಾಗಿಲಿನಿಂದ ಒಂದಕ್ಷರವಿಲ್ಲ. ಗಂಡ ಗಂಟೆಗೊಮ್ಮೆ ಬಂದು, "ಬರೆದ್ರಾ?" ಎಂದು ಕೇಳಿದ. ಅವನೀಗ ಬ್ಲಾಗಿನ ನಲವತ್ತೆರಡನೇ ಓದುಗ.

"ಹೇಗೆ ಬರೀತಾರೆ?" ಅಂದಳು. "ಫೋಟೊದಲ್ಲಿ ತಂತಿ ಎಲ್ಲಿದೆ?"

ತಿಂಗಳು ತುಂಬಿದ ಮೇಲೆ, ಒಂದು ಬೆಳಿಗ್ಗೆ ಮಗಳು ಮಗುವನ್ನು ದೋಣಿಗೆ ಕರೆತಂದಳು. ಅಜ್ಜ ಮೊಮ್ಮಗಳನ್ನು ಎದೆಗೊತ್ತಿಕೊಂಡು ಎಡಗಡೆಯ ಹೊಸ ತಂತಿಯ ಪಕ್ಕದಲ್ಲಿ, ಬುಡ ಚೆನ್ನಾಗಿ ಕಾಣುವ ಹಾಗೆ ಸರಿದು ನಿಂತ. ಟೇಪು ಇರಲಿಲ್ಲ. ಅವಳು ಫೋಟೊ ತೆಗೆದು ಅಲ್ಲಿಯೇ ನಿಂತು ಹಾಕಿದಳು. ಎರಡು ನಿಮಿಷ ಆಗಿರಲಿಲ್ಲ, ಫೋನು ಟಿಂಗ್ ಎಂದಿತು. ಅವಳು ಜೋರಾಗಿ ಓದಿದಳು:

"ನೋಡಿದೆ. ತಂತಿ ಸರಿಯಾಗಿದೆ. ಮಗುವಿನ ತಲೆಗೆ ಬಿಸಿಲು ಬೀಳುತ್ತಿದೆ."

ಅಜ್ಜ ತಟ್ಟನೆ ಮಗುವಿನ ನೆತ್ತಿಯ ಮೇಲೆ ಅಂಗೈ ಅಡ್ಡ ಹಿಡಿದ.

"ಹಿಡಿದಿದ್ದೀನಿ ಅಂತ ಬರಿ," ಅಂದ. "ಬೇಗ ಬರಿಯೇ, ಕಾಯ್ತಿರ್ತಾರೆ."