ಡೋನಟ್ ಕೆಳಗಿನ ಕಾಗದ

ನನ್ನ ಗಂಡ ಮೂವತ್ತು ವರ್ಷ ಬಸ್ಸು ಓಡಿಸಿದವರು. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರಲಾರದೆ ಅಡುಗೆಮನೆಗೆ ನುಗ್ಗಿದರು. ಆ ದಿನ ಅವರು ಫ್ರೆಂಚ್ ಡೋನಟ್ ಕರಿಯಲು ಹೊರಟದ್ದಕ್ಕೆ ಕಾರಣವಿತ್ತು. ಮೂರು ವರ್ಷದಿಂದ ಮಾತು ಬಿಟ್ಟಿದ್ದ ನನ್ನ ಅಕ್ಕ ನಾಲ್ಕು ಗಂಟೆಗೆ ಬರುವವಳಿದ್ದಳು.

ಅಮ್ಮ ದರ್ಜಿ, ನಾನೂ ದರ್ಜಿ. ಅಮ್ಮ ಬಟ್ಟೆ ಕತ್ತರಿಸುವ ಮೊದಲು ಬಟರ್ ಪೇಪರಿನ ಮೇಲೆ ಪೆನ್ಸಿಲಿನಿಂದ ನಕ್ಷೆ ಬರೆದುಕೊಳ್ಳುತ್ತಿದ್ದಳು. ಅವಳು ಹೋದ ಮೇಲೆ ಆ ನಕ್ಷೆಗಳ ಸುರುಳಿ ನನಗೆ ಬಂತು. ಅಕ್ಕ ಅದರಲ್ಲಿ ಒಂದೇ ಒಂದನ್ನು ಕೇಳಿದಳು, ಹದಿನಾರನೇ ವಯಸ್ಸಿನಲ್ಲಿ ತನಗೆ ಹೊಲಿದ ಕೋಟಿನದು. "ಸೂಜಿಗೆ ದಾರ ಪೋಣಿಸೋಕೆ ಬರಲ್ಲ, ನಿಂಗ್ಯಾಕೆ ಅದು?" ಅಂದುಬಿಟ್ಟೆ. ಅಷ್ಟೇ, ಅವಳು ಚಪ್ಪಲಿ ಮೆಟ್ಟಿ ಹೋದವಳು ಮತ್ತೆ ಬರಲಿಲ್ಲ.

ಮುಚ್ಚುಮರೆ ಯಾಕೆ, ನನಗೆ ಹೊಟ್ಟೆಕಿಚ್ಚು. ಹೊಸದೆಲ್ಲ ಅಕ್ಕನಿಗೆ, ಅವಳು ಹಾಕಿ ಬಿಟ್ಟಿದ್ದು ನನಗೆ. ನಾನು ಚಿಕ್ಕವಳಾದರೂ ಮೈಕಟ್ಟಿನಲ್ಲಿ ಅವಳಿಗಿಂತ ಅಗಲ. ಅದಕ್ಕೆ ಅಮ್ಮ ಹೊಲಿಗೆ ಬಿಚ್ಚಿ, ಅಗಲ ಮಾಡಿ ಮತ್ತೆ ಹೊಲಿದು ಕೊಡುತ್ತಿದ್ದಳು. ಸುರುಳಿಯಲ್ಲಿ ನನ್ನದೆಂದು ಒಂದು ನಕ್ಷೆಯೂ ಇರಲಾರದು ಎಂಬ ಭಯಕ್ಕೆ, ಅಮ್ಮ ಹಾಕಿದ್ದ ಗಂಟನ್ನು ನಾನು ಒಮ್ಮೆಯೂ ಬಿಚ್ಚಿರಲಿಲ್ಲ. ಹೋದ ವಾರ ಫೋನು ಮಾಡಿ, "ಬಂದು ತಗೊಂಡು ಹೋಗು" ಅಂದೆ. ಅಷ್ಟು ಹೇಳಲು ನನಗೆ ಮೂರು ವರ್ಷ ಹಿಡಿಯಿತು. ಬೆಳಿಗ್ಗೆಯೇ ಸುರುಳಿಯನ್ನು ಪೆಟ್ಟಿಗೆಯಿಂದ ತೆಗೆದು ಊಟದ ಮೇಜಿನ ಮೇಲಿಟ್ಟು, ಗಿರಾಕಿಯೊಬ್ಬರ ಪ್ಯಾಂಟು ಮುಗಿಸಲು ಮಿಷನ್ ಮುಂದೆ ಕೂತೆ.

ಮೂರು ಗಂಟೆಗೆ ಅಡುಗೆಮನೆಗೆ ಹೋದಾಗ ಒಳ್ಳೆಯ ಪರಿಮಳ. ಬೆಣ್ಣೆ ಹಾಕಿ ಕುದಿಸಿದ ನೀರಿಗೆ ಮೈದಾ ಸುರಿದು, ಪಾತ್ರೆಯ ತಳ ಬಿಡುವ ತನಕ ತಿರುವಿ, ಆರಿದ ಮೇಲೆ ಒಂದೊಂದೇ ಮೊಟ್ಟೆ ಒಡೆದು ಕಲಸಿದ್ದರು. ಆ ಹಿಟ್ಟನ್ನು ನಕ್ಷತ್ರದ ಮೂತಿಯ ಕೋನಿಗೆ ತುಂಬಿ, ಚೌಕ ಕಾಗದಗಳ ಮೇಲೆ ಬಳೆಬಳೆಯಾಗಿ ಹಿಂಡಿದ್ದರು.

"ಇದನ್ನ ಕೈಯಲ್ಲಿ ಎತ್ತಿದ್ರೆ ಆಕಾರ ಕೆಡುತ್ತೆ. ಕಾಗದದ ಸಮೇತ ಎಣ್ಣೆಗೆ ಬಿಡ್ಬೇಕು, ಆಮೇಲೆ ಕಾಗದ ತಾನಾಗೇ ಬಿಟ್ಕೊಳ್ಳುತ್ತೆ" ಎಂದು ಹೊಸ ಡ್ರೈವರಿಗೆ ಗೇರು ಕಲಿಸುವ ಧಾಟಿಯಲ್ಲಿ ಹೇಳಿದರು.

ಬಾಣಲೆಯಲ್ಲಿ ಡೋನಟ್ ಉಬ್ಬಿ ಹೊರಳಿತು. ಕಾಗದ ಕಳಚಿ ತೇಲಿತು. ಅವರು ಚಿಮಟದಿಂದ ಎತ್ತಿ ತಟ್ಟೆಗೆ ಹಾಕಿದರು. ಎಣ್ಣೆ ಕುಡಿದು ಗಾಜಿನಂತಾಗಿದ್ದ ಆ ಕಾಗದದ ಮೇಲೆ ಪೆನ್ಸಿಲ್ ಗೆರೆ, ಅದರ ಪಕ್ಕದಲ್ಲಿ ಅಮ್ಮನ ಕೈಬರಹ: "ಬೆನ್ನು, ದೊಡ್ಡವಳು."

"ರೀ, ಈ ಕಾಗದ ಎಲ್ಲಿಂದ ತಗೊಂಡ್ರಿ?"

"ಮೇಜಿನ ಮೇಲೆ ಬಟರ್ ಪೇಪರ್ ಸುರುಳಿ ಇತ್ತಲ್ಲ. ನಂಗೇ ತಂದಿಟ್ಟಿದೀಯ ಅಂದ್ಕೊಂಡೆ. ಗಂಟು ಬಿಚ್ಚೋಕಾಗ್ಲಿಲ್ಲ, ನಿನ್ನ ಕತ್ತರಿಲೇ ಕತ್ತರಿಸಿದೆ."

"ಬರೆದಿರೋದು ಕಾಣಲಿಲ್ವಾ? ಈ ಕಣ್ಣಲ್ಲೇ ಮೂವತ್ತು ವರ್ಷ ಬಸ್ಸು ಓಡಿಸಿದ್ರಾ?"

ಅವರು ಕನ್ನಡಕ ಹಾಕಿಕೊಂಡು ನೋಡಿದರು. ಮುಖ ಬಿಳಿಚಿತು. ಒಲೆ ಆರಿಸಿ ಅಲ್ಲೇ ಸ್ಟೂಲಿನ ಮೇಲೆ ಕೂತರು. ಮೇಲಿನ ಹಾಳೆ ಮಾತ್ರ ಹೋಗಿತ್ತು, ಒಳಗಿನವೆಲ್ಲ ನೆಟ್ಟಗಿದ್ದವು. ಆ ಮೇಲಿನ ಹಾಳೆಯೇ ಕೋಟಿನದು. ಹನ್ನೆರಡು ಚೌಕ. ನನಗೆ ಕೂಗಾಡಬೇಕು ಅನ್ನಿಸಿತು, ಆದರೆ ಅಳು ಬಂತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ ಅನ್ನುತ್ತಾರೆ. ನಾನು ಕೊಯ್ದದ್ದು ಮೂರು ವರ್ಷದ ಹಿಂದೆ, ಇವರು ಉಳಿದದ್ದನ್ನು ಚೌಕ ಮಾಡಿದ್ದರು. ಬೇಕೆಂದೇ ಕತ್ತರಿಸಿದೆ ಅಂತ ಅಕ್ಕ ತಿಳಿದರೆ ಇನ್ನು ಈ ಜನ್ಮದಲ್ಲಿ ಮುಖ ತೋರಿಸುವುದಿಲ್ಲ.

ಅಕ್ಕ ಹತ್ತು ನಿಮಿಷ ಮೊದಲೇ ಬಂದಳು. ತೆಳ್ಳಗಾಗಿದ್ದಳು, ಕೂದಲು ಪೂರ್ತಿ ನರೆತಿತ್ತು. ಹೊಸ್ತಿಲಲ್ಲೇ ನಿಲ್ಲಿಸಿ ಎಲ್ಲ ಹೇಳಿಬಿಟ್ಟೆ. ಅವಳು ನೇರ ಅಡುಗೆಮನೆಗೆ ನಡೆದಳು.

"ತಪ್ಪಾಯ್ತು ಅತ್ತಿಗೆ" ಅಂದರು ಇವರು, ಎದ್ದು ನಿಂತು.

"ಮೊದ್ಲು ಉಳಿದಿದ್ದನ್ನ ಕರೀರಿ ಡ್ರೈವರ್ ಸಾಹೇಬ್ರೆ. ಕಾಗದ ಬೇಕಲ್ಲ ನಂಗೆ."

ಒಂದೊಂದೇ ಡೋನಟ್ ಕರಿದಂತೆ ಒಂದೊಂದೇ ಚೌಕ ಬಂತು. ಅಕ್ಕ ಹಳೆಯ ಟವಲಿನಲ್ಲಿ ಒತ್ತಿ ಎಣ್ಣೆ ತೆಗೆದು, ಗೆರೆಗೆ ಗೆರೆ ಕೂಡಿಸಿ ಮೇಜಿನ ಮೇಲೆ ಜೋಡಿಸಿದಳು. ನಾನೂ ಕೈ ಹಾಕಿದೆ. ಭುಜ ಕೂಡಿತು, ಬೆನ್ನು ಕೂಡಿತು. ಪಕ್ಕದ ಹೊಲಿಗೆಯ ಹತ್ತಿರ ಅಮ್ಮನ ಸಣ್ಣಕ್ಷರದ ಸಾಲೊಂದು ಮೂರು ಚೌಕಗಳಲ್ಲಿ ಹಂಚಿಹೋಗಿತ್ತು: "ಅಂಚು ಎರಡು ಇಂಚು ಬಿಡು. ಚಿಕ್ಕವಳಿಗೆ."

ಎರಡು ಸಲ ಓದಿದೆ. ಹೊಲಿಗೆ ಬಿಚ್ಚಿದಾಗ ಒಳಗೆ ಹೆಚ್ಚಿನ ಬಟ್ಟೆ ಮಡಚಿರುತ್ತಿದ್ದುದು ನನಗೆ ಗೊತ್ತಿತ್ತು, ಎಲ್ಲ ದರ್ಜಿಗಳೂ ಬಿಡುತ್ತಾರೆ ಎಂದು ಸುಮ್ಮನಿದ್ದೆ. ಕೋಟಿನ ಪಕ್ಕಕ್ಕೆ ಎರಡು ಇಂಚು ಯಾರೂ ಬಿಡುವುದಿಲ್ಲ. ನನ್ನ ನಕ್ಷೆ ಅಕ್ಕನ ನಕ್ಷೆಯೊಳಗೇ ಇತ್ತು.

"ಆ ಅಂಚು ಕಂಕುಳಲ್ಲಿ ಕಚ್ತಾ ಇತ್ತು" ಅಂದಳು ಅಕ್ಕ. "ಕತ್ತರಿಸಮ್ಮ ಅಂದ್ರೆ, ಅದು ನಿಂದಲ್ಲ, ಮುಟ್ಬೇಡ ಅಂದ್ಳು. ನಂಗೂ ಹೊಟ್ಟೆ ಉರೀತಿತ್ತು ಕಣೇ. ನನ್ನ ಹೊಸ ಕೋಟೊಳಗೂ ನೀನೇ. ಒಂದ್ಸಲನಾದ್ರೂ ಅದನ್ನ ಅಂಚಿಲ್ದೆ ಹೊಲಿಸಿ ಹಾಕ್ಕೋಬೇಕು ಅಂತ್ಲೇ ಆ ನಕ್ಷೆ ಕೇಳಿದ್ದು."

ನಾನು ಮಿಷನ್ ಪಕ್ಕದಿಂದ ಅಳತೆ ಪುಸ್ತಕ ತಂದೆ. ಕೊರಳಿನಲ್ಲಿದ್ದ ಟೇಪು ತೆಗೆದು, ಅವಳನ್ನು ಎಬ್ಬಿಸಿ ನಿಲ್ಲಿಸಿ ಕೋಟಿಗೆ ಅಳತೆ ತೆಗೆದುಕೊಂಡೆ. ಭುಜ, ಬೆನ್ನು, ತೋಳು. ಅವಳು ಸಣ್ಣವಳಿದ್ದಾಗ ಅಮ್ಮನ ಮುಂದೆ ನಿಲ್ಲುತ್ತಿದ್ದ ಹಾಗೆ ಕೈ ಎತ್ತಿ ನಿಂತಳು. ಇವರು ಸಕ್ಕರೆಪಾಕ ಬಳಿದ ಡೋನಟ್ಟನ್ನು ತಟ್ಟೆಯಲ್ಲಿಟ್ಟುಕೊಂಡು ಬಾಗಿಲಲ್ಲೇ ಕಾದರು. ಕೊನೆಯಲ್ಲಿ ನಾನು "ಅಂಚು: ಇಲ್ಲ" ಎಂದು ಬರೆದೆ.

ಅಕ್ಕ ಒಂದು ಡೋನಟ್ ಮುರಿದು ಬಾಯಿಗಿಟ್ಟುಕೊಂಡು ನನ್ನ ಪುಸ್ತಕದಲ್ಲಿ ಇಣುಕಿದಳು. ಪೆನ್ಸಿಲ್ ಕಿತ್ತುಕೊಂಡು "ಇಲ್ಲ" ಎಂಬುದನ್ನು ಹೊಡೆದುಹಾಕಿದಳು.

"ಎರಡು ಇಂಚು ಬಿಡು."

"ಕಚ್ಚುತ್ತೆ ಅಂದ್ಯಲ್ಲ? ಈಗ ಯಾರಿಗೆ?"

"ನಿಂಗೇ ಕಣೇ, ಇನ್ಯಾರಿಗೆ" ಎಂದು ಉಳಿದ ಅರ್ಧವನ್ನು ನನ್ನ ಬಾಯಿಗೆ ತುರುಕಿದಳು.